ಹೀಚು, ಕಾಯಿ, ಹಣ್ಣು: ಚಳಿ ದೇಶದ ಹಿತ್ತಲಲ್ಲಿ ಏಳು ಬೇಸಿಗೆ

ಹೊಸದಾಗಿ ಚಳಿ ದೇಶಕ್ಕೆ ಬಂದು ಮನೆ ಮಾಡಿರುವವರೊಬ್ಬರು ನಮ್ಮ ಗುಂಪಿನಲ್ಲಿ ಕೇಳಿದ್ದರು. ವರ್ಷದಲ್ಲಿ ಐದು ತಿಂಗಳು ನೆಲ ಕಲ್ಲಿನ ಹಾಗಿರುತ್ತದೆ, ಇಬ್ಬರಿಗೂ ಕೆಲಸ, ಮನೆಯಲ್ಲಿ ಚಿಕ್ಕ ಮಕ್ಕಳು, ಇಂಥದ್ದರಲ್ಲಿ ಹಿತ್ತಲು ಮಾಡುವುದು ಬೇಕಾ ಅಂತ. ಬೇಕು ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು. ಆದರೆ ನಾನು ಮೊದಲ ಎರಡು ವರ್ಷ ಮಾಡಿದ ತಪ್ಪುಗಳು ನಿಮಗೂ ಆಗುವುದು ಬೇಡ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ವರ್ಷ ಹಿಮ ಕರಗಿದ ಮೇಲೆ ಒಂದು ವಾರ ಒಳ್ಳೆಯ ಬಿಸಿಲು ಬಂತು. ಸ್ವೆಟರ್ ಇಲ್ಲದೆ ಓಡಾಡುವಷ್ಟು ಬಿಸಿಲು. ನಾನೂ ಮಗಳೂ ಸೇರಿ 18 ಟೊಮೆಟೊ ಸಸಿ ನೆಟ್ಟೆವು. ಆಗ ಅವಳಿಗೆ ಐದು ವರ್ಷ. ಪ್ರತಿ ಸಸಿಗೂ ಒಂದೊಂದು ಹೆಸರಿಟ್ಟಿದ್ದಳು. ಹವಾಮಾನ ವರದಿಯಲ್ಲಿ ರಾತ್ರಿ 3 ಡಿಗ್ರಿ ಅಂತ ಇತ್ತು. ಸೊನ್ನೆಗಿಂತ ಮೇಲಿದೆಯಲ್ಲ ಅಂದುಕೊಂಡು ಮಲಗಿದೆವು. ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು. ಮಗಳು ಒಂದೊಂದನ್ನೂ ಹೆಸರು ಹಿಡಿದು ಕರೆದು ಅತ್ತಳು. ಆ ಬೆಳಿಗ್ಗೆಯನ್ನು ನಾನಿನ್ನೂ ಮರೆತಿಲ್ಲ.

ವರದಿಯಲ್ಲಿ ಕೊಡುವ ಉಷ್ಣಾಂಶವನ್ನು ಅಳೆಯುವುದು ನೆಲದಿಂದ ಒಂದೂವರೆ ಎರಡು ಮೀಟರ್ ಎತ್ತರದಲ್ಲಿ. ಮೋಡವೂ ಇಲ್ಲದ, ಗಾಳಿಯೂ ಇಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತಾ ಹೋಗುತ್ತದೆ. ತಣ್ಣನೆಯ ಗಾಳಿ ಭಾರ, ಅದು ಕೆಳಗೇ ಕೂರುತ್ತದೆ. ಮೇಲೆ 3 ಡಿಗ್ರಿ ಇದ್ದರೂ ಸಸಿಯ ಎಲೆ ಸೊನ್ನೆಗಿಂತ ಕೆಳಗೆ ಇಳಿದಿರಬಹುದು. ಮೋಡ ಇದ್ದರೆ ಅದೇ ಒಂದು ಹೊದಿಕೆ. ಹಾಗಾಗಿ ನಕ್ಷತ್ರ ಚೆನ್ನಾಗಿ ಕಾಣುವ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಎಚ್ಚರ. ಸೂರ್ಯ ಮುಳುಗುವ ಮೊದಲೇ ಹಳೆಯ ಬೆಡ್‌ಶೀಟ್ ಮುಚ್ಚುತ್ತೇವೆ. ಅದರ ಅಂಚು ನೆಲ ಮುಟ್ಟಬೇಕು, ಆಗ ನೆಲದ ಬಿಸಿ ಒಳಗೇ ಉಳಿಯುತ್ತದೆ. ಬರೀ ಪ್ಲಾಸ್ಟಿಕ್ ಹೊದಿಸಬೇಡಿ. ಅದು ಎಲೆಗೆ ತಾಗಿದ ಕಡೆಯೆಲ್ಲ ಎಲೆ ಸಾಯುತ್ತದೆ.

ಇನ್ನೊಂದು ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಚಳಿಗಾಲದ ಚಳಿಗೆ ತಕ್ಕಂತೆ ಊರುಗಳನ್ನು ವಿಂಗಡಿಸುವ ಅಮೆರಿಕದ ಕೃಷಿ ಇಲಾಖೆಯ ನಕ್ಷೆಯಲ್ಲಿ 13 ವಲಯಗಳಿವೆ, 2023ರಲ್ಲಿ ಅದರ ಹೊಸ ಆವೃತ್ತಿ ಬಂತು. ಬೇರೆ ದೇಶಗಳಲ್ಲೂ ಅಂಥ ನಕ್ಷೆಗಳಿವೆ. ನಾನು ವಲಯದ ಸಂಖ್ಯೆ ನೋಡಿ ಟೊಮೆಟೊ ನೆಡುವ ದಿನ ಲೆಕ್ಕ ಹಾಕುತ್ತಿದ್ದೆ. ಅದು ತಪ್ಪು. ಚಳಿಗಾಲದ ಅತಿ ಕಡಿಮೆ ಉಷ್ಣಾಂಶದಲ್ಲಿ ಯಾವ ಮರ, ಯಾವ ಪೊದೆ ಬದುಕುತ್ತದೆ ಅನ್ನುವುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ. ತರಕಾರಿಗೆ ಬೇಕಾದದ್ದು ನಿಮ್ಮ ಜಾಗದಲ್ಲಿ ಕೊನೆಯ ಫ್ರಾಸ್ಟ್, ಅಂದರೆ ಎಲೆ ಮತ್ತು ನೆಲದ ಮೇಲೆ ಮಂಜು ಹೆಪ್ಪುಗಟ್ಟುವಂಥ ಚಳಿ, ಸಾಮಾನ್ಯವಾಗಿ ಯಾವಾಗ ಬೀಳುತ್ತದೆ ಅನ್ನುವ ತಾರೀಖು. ಅದೂ ಸರಾಸರಿ ಮಾತ್ರ. ನಾನು ಅದಕ್ಕೆ ಇನ್ನೆರಡು ವಾರ ಸೇರಿಸುತ್ತೇನೆ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತಿರುವಾಗ ಟೊಮೆಟೊ ನೆಟ್ಟರೂ ಅದು ಸುಮ್ನೆ ನಿಂತಿರುತ್ತದೆ, ಬೆಳೆಯುವುದಿಲ್ಲ. ಎರಡು ವಾರ ತಡವಾಗಿ ನೆಟ್ಟದ್ದು ಅದನ್ನು ಹಿಂದೆ ಹಾಕುತ್ತದೆ.

ಬೀಜವನ್ನು ಮನೆಯೊಳಗೆ ಮೊದಲೇ ಹಾಕಬೇಕು. ಟೊಮೆಟೊ ಆದರೆ ಕೊನೆಯ ಫ್ರಾಸ್ಟಿನ ತಾರೀಖಿಗೆ 6ರಿಂದ 8 ವಾರ ಮುಂಚೆ, ಮೆಣಸಿನ ಗಿಡ 8ರಿಂದ 10 ವಾರ ಮುಂಚೆ. ಕಿಟಕಿಯ ಬೆಳಕು ಸಾಕು ಅಂದುಕೊಳ್ಳಬೇಡಿ. ಸಸಿ ಬೆಳಕು ಹುಡುಕುತ್ತಾ ದಾರದ ಹಾಗೆ ಉದ್ದವಾಗಿ, ಕೊನೆಗೆ ಬಾಗಿ ಮಲಗುತ್ತದೆ. ಒಂದು ಸಾಧಾರಣ ಎಲ್‌ಇಡಿ ಟ್ಯೂಬ್‌ಲೈಟನ್ನು ಸಸಿಯ ತುದಿಗೆ ಹತ್ತಿರದಲ್ಲಿ ತೂಗುಹಾಕಿ, ದಿನಕ್ಕೆ 14ರಿಂದ 16 ಗಂಟೆ ಉರಿಸಿ. ಆಮೇಲೆ ಹೊರಗಿನ ಗಾಳಿ ಬಿಸಿಲಿಗೆ ಸ್ವಲ್ಪ ಸ್ವಲ್ಪವೇ ಒಗ್ಗಿಸಬೇಕು. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಮರುದಿನ ಎರಡು, ಹೀಗೆ ಹತ್ತು ದಿನ. ಸಸಿಗಳ ತಟ್ಟೆಯನ್ನು ಒಳಗೆ ಹೊರಗೆ ಹೊರುವ ಕೆಲಸ ಈಗ ನನ್ನ ಚಿಕ್ಕ ಮಗನದು. ಅವನಿಗೆ ಅದು ಬಹಳ ದೊಡ್ಡ ಜವಾಬ್ದಾರಿ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಈಗ ಬರುತ್ತದೆ. ನಾವೆಲ್ಲ ಚಳಿಯನ್ನೇ ಶತ್ರು ಅಂದುಕೊಳ್ಳುತ್ತೇವೆ. ನನ್ನ ಹಿತ್ತಲಲ್ಲಿ ಚಳಿಗಿಂತ ಜಾಸ್ತಿ ತಲೆ ಕೆಡಿಸಿದ್ದು ಹಗಲಿನ ಉದ್ದ.

ಎರಡನೇ ವರ್ಷ ಅವರೆ ಹಾಕಿದೆ. ಬಳ್ಳಿ ಎಷ್ಟು ಸೊಂಪಾಗಿ ಹಬ್ಬಿತು ಅಂದರೆ ಬೇಲಿಯೇ ಕಾಣುತ್ತಿರಲಿಲ್ಲ. ಆದರೆ ಒಂದು ಹೂ ಇಲ್ಲ. ಗೊಬ್ಬರ ಹಾಕಿದೆ, ತುದಿ ಚಿವುಟಿದೆ, ನೀರು ಕಡಿಮೆ ಮಾಡಿದೆ. ಏನೂ ಆಗಲಿಲ್ಲ. ಬೇಸಿಗೆ ಮುಗಿದು ಹಗಲು ಕಿರಿದಾದ ಮೇಲೆ ಮೊಗ್ಗು ಬಂತು. ಹತ್ತೇ ದಿನದಲ್ಲಿ ಫ್ರಾಸ್ಟ್ ಬಿದ್ದು ಎಲ್ಲ ಮುಗಿಯಿತು. ಹಳೆಯ ಅವರೆ ತಳಿಗಳು ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ ಅಂತ ಆಗ ಓದಿ ತಿಳಿದುಕೊಂಡೆ. ಇಲ್ಲಿನ ಬೇಸಿಗೆಯ ಹಗಲು 15, 16 ಗಂಟೆ. ಪಾಪ, ಬಳ್ಳಿ ಕಾಯುತ್ತಲೇ ಇತ್ತು.

ಇದನ್ನು ಸರಿಯಾಗಿ ಗುರುತಿಸಿದವರು ಗಾರ್ನರ್ ಮತ್ತು ಅಲಾರ್ಡ್ ಅನ್ನುವ ಇಬ್ಬರು ಅಮೆರಿಕದ ವಿಜ್ಞಾನಿಗಳು. 1920ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅವರ ಹತ್ತಿರ ಒಂದು ಹೊಗೆಸೊಪ್ಪಿನ ತಳಿ ಇತ್ತು. ಬೇಸಿಗೆಯಲ್ಲಿ ಅದು ಆಳೆತ್ತರ ಮೀರಿ ಬೆಳೆಯುತ್ತಿತ್ತು, ಹೂ ಮಾತ್ರ ಇಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಇಟ್ಟರೆ ಹೂ ಬಿಡುತ್ತಿತ್ತು. ಅದನ್ನು ಓದಿದಾಗ ನನ್ನ ಅವರೆ ಬಳ್ಳಿಯ ಕಥೆಯನ್ನೇ ಓದಿದ ಹಾಗಾಯಿತು.

ಮರುವರ್ಷ ನಾನೂ ಮಗಳೂ ಒಂದು ಪ್ರಯೋಗ ಮಾಡಿದೆವು. ಕುಂಡದಲ್ಲಿ ಒಂದು ಅವರೆ ಗಿಡ ಬೆಳೆಸಿ, ತುದಿ ಚಿವುಟಿ ಗಿಡ್ಡವಾಗಿಯೇ ಇಟ್ಟೆವು. ಪ್ರತಿ ಸಂಜೆ ಆರಕ್ಕೆ ಅದರ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ ಮುಚ್ಚುವುದು, ಬೆಳಿಗ್ಗೆ ಎಂಟಕ್ಕೆ ತೆಗೆಯುವುದು. ಗಿಡಕ್ಕೆ ರಾತ್ರಿ ಉದ್ದ ಇದೆ ಅಂತ ಅನಿಸಬೇಕಲ್ವಾ? ಹೊರಗೆ ಇನ್ನೂ ಬೆಳಕಿರುವಾಗಲೇ ಮಗಳು "ಮಲಗು ಪುಟ್ಟ" ಅಂತ ಹೇಳಿ ಪೆಟ್ಟಿಗೆ ಮುಚ್ಚುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಆರನೇ ವಾರ ಮೊಗ್ಗು ಬಂತು. ಕೊನೆಗೆ ಸಿಕ್ಕಿದ್ದು ಒಂಬತ್ತು ಕಾಯಿ. ಅವುಗಳನ್ನು ಅವಳು ಎರಡು ದಿನ ಯಾರಿಗೂ ಮುಟ್ಟಲು ಬಿಡಲಿಲ್ಲ. ಈಗ ನಾವು ಹಗಲಿನ ಉದ್ದಕ್ಕೆ ಕಾಯದ ತಳಿ ಹಾಕುತ್ತೇವೆ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂಥವು. ಆದರೂ ಆ ಒಂಬತ್ತು ಕಾಯಿಯ ಸಂತೋಷವೇ ಬೇರೆ.

ಈರುಳ್ಳಿಯದೂ ಇದೇ ಕಥೆ. ಬಿಸಿ ನಾಡಿನ ತಳಿಗಳು 11, 12 ಗಂಟೆ ಹಗಲಿದ್ದರೆ ಗೆಡ್ಡೆ ಕಟ್ಟಲು ಶುರು ಮಾಡುತ್ತವೆ. ಇಲ್ಲಿ ವಸಂತದಲ್ಲೇ ಅಷ್ಟು ಹಗಲು ಬಂದುಬಿಡುತ್ತದೆ, ಗಿಡಕ್ಕೆ ಆಗಿನ್ನೂ ನಾಲ್ಕು ಎಲೆ. ಆದ್ದರಿಂದ ಗೋಲಿ ಗಾತ್ರದ ಗೆಡ್ಡೆ ಸಿಗುತ್ತದೆ. ಉದ್ದ ಹಗಲಿನ ತಳಿ ಅಂತಲೇ ಕೇಳಿ ತನ್ನಿ. ಕೊತ್ತಂಬರಿ ಇದಕ್ಕೆ ಉಲ್ಟಾ. ಉದ್ದ ಹಗಲು, ಸ್ವಲ್ಪ ಸೆಕೆ, ಇಷ್ಟಿದ್ದರೆ ಸಾಕು, ಸೊಪ್ಪು ಬಿಡುವ ಮೊದಲೇ ಹೂ ಬಿಟ್ಟುಬಿಡುತ್ತದೆ. ಎರಡು ವಾರಕ್ಕೊಮ್ಮೆ ಒಂದು ಹಿಡಿ ಬೀಜ, ಮಧ್ಯಾಹ್ನ ನೆರಳಿರುವ ಜಾಗದಲ್ಲಿ. ಬೇರೆ ಉಪಾಯ ನನಗೆ ಸಿಕ್ಕಿಲ್ಲ.

ಬೀಜದ ಬಗ್ಗೆ ಒಂದು ಕಳಕಳಿಯ ಮಾತು. ಬಟ್ಟೆಯ ನಡುವೆ ಬೀಜ, ಸಸಿ ಇಟ್ಟುಕೊಂಡು ಗಡಿ ದಾಟಿಸಬೇಡಿ. ಬಹಳಷ್ಟು ದೇಶಗಳಲ್ಲಿ ಅದಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಸುಮ್ನೆ ಮಾಡಿದ ನಿಯಮ ಅಲ್ಲ ಅದು. ಕರಿಬೇವು ನಿಂಬೆ, ಕಿತ್ತಳೆಯ ಕುಟುಂಬದ್ದೇ ಗಿಡ. ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗವನ್ನು ಹರಡುವ ಚಿಕ್ಕ ಕೀಟ ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ. ನಾವು ನೆಲೆಸಿರುವ ದೇಶದ ರೈತರಿಗೆ ನಮ್ಮಿಂದ ನಷ್ಟ ಆಗಬಾರದು. ಅಲ್ಲೇ ಪರವಾನಗಿ ಇರುವವರು ಬೆಳೆಸಿದ ಕರಿಬೇವಿನ ಸಸಿ ತಂದು ಕುಂಡದಲ್ಲಿ ಇಡಿ. ರಾತ್ರಿ 10 ಡಿಗ್ರಿಗೆ ಇಳಿಯುವ ಮೊದಲೇ ಒಳಗೆ ತನ್ನಿ. ಚಳಿಗಾಲದಲ್ಲಿ ಅದು ಎಲೆ ಉದುರಿಸಿದರೆ ಗಾಬರಿಯಾಗಿ ನೀರು ಹೊಯ್ಯಬೇಡಿ. ನನ್ನ ಮೊದಲ ಗಿಡದ ಬೇರು ಕೊಳೆತದ್ದು ಹಾಗೆಯೇ. ಅದು ಮಲಗಿದೆ ಅಷ್ಟೇ. ಮಣ್ಣು ಒಣಗಿದಾಗ ಸ್ವಲ್ಪ ನೀರು ಸಾಕು. ಹೀಟರಿನ ಒಣ ಗಾಳಿಗೆ ಎಲೆಯ ಅಡಿಯಲ್ಲಿ ನುಸಿ ಬರುತ್ತದೆ, ವಾರಕ್ಕೊಮ್ಮೆ ಎಲೆಯ ಅಡಿಯನ್ನು ನೀರಲ್ಲಿ ತೊಳೆಯಿರಿ.

ಚಳಿಯಿಂದ ಉಪಕಾರವೂ ಇದೆ ಅಂತ ನನಗೆ ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ನಮ್ಮ ಮಕ್ಕಳು ಅವರನ್ನು ಅಜ್ಜಿ ಅಂತಲೇ ಕರೆಯುತ್ತಾರೆ, ಅವರೂ ಆ ಹೆಸರಿಗೆ ಓಗೊಡುತ್ತಾರೆ. ಎಲ್ಲರೂ ಹಿತ್ತಲ ಕೆಲಸ ಮುಗಿಸಿ ಒಳಗೆ ಸೇರುವ ಹೊತ್ತಿಗೆ ಅವರು ಬೆಳ್ಳುಳ್ಳಿ ನೆಡುತ್ತಿದ್ದರು. ನೆಲ ಹೆಪ್ಪುಗಟ್ಟುವುದಕ್ಕೆ 4ರಿಂದ 6 ವಾರ ಮುಂಚೆ ಒಂದೊಂದೇ ಎಸಳು ಬಿಡಿಸಿ, ಚೂಪು ತುದಿ ಮೇಲೆ ಬರುವ ಹಾಗೆ 5 ಸೆಂಟಿಮೀಟರ್ ಆಳದಲ್ಲಿ ಇಡಬೇಕು. ಮೇಲೆ ಒಣಗಿದ ಎಲೆ ಹೊದಿಸಬೇಕು. ತಿಂಗಳುಗಟ್ಟಲೆ ಚಳಿ ಉಂಡರೇನೇ ಅದು ಚೆನ್ನಾಗಿ ಎಸಳು ಒಡೆಯುವುದು. ಚಳಿ ಸಿಗದಿದ್ದರೆ ಒಂದೇ ಗುಂಡು ಆಗಿ ಉಳಿದುಬಿಡಬಹುದು. ಹಿಮ ಕೂಡ ಹೊದಿಕೆಯೇ. ಮೊಣಕಾಲುದ್ದ ಹಿಮದ ಅಡಿಯಲ್ಲಿ ಮಣ್ಣು ಹೊರಗಿನ ಗಾಳಿಯಷ್ಟು ತಣ್ಣಗಾಗುವುದಿಲ್ಲ. ಕ್ಯಾರೆಟ್ಟನ್ನು ಒಂದೆರಡು ಫ್ರಾಸ್ಟ್ ಆದ ಮೇಲೆ ಕಿತ್ತು ನೋಡಿ. ಚಳಿಗೆ ಅದು ತನ್ನೊಳಗಿನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತದೆ. ಬಟಾಣಿ ಬೀಜ 5 ಡಿಗ್ರಿ ಮಣ್ಣಲ್ಲೂ ಮೊಳೆಯುತ್ತದೆ. ಹಿಮ ಕರಗಿದ ಕೂಡಲೇ ಕೈ ತುರಿಸುವವರು ಟೊಮೆಟೊ ಬಿಟ್ಟು ಬಟಾಣಿ ಹಾಕಲಿ.

ಇನ್ನು ಮಕ್ಕಳ ಮಾತು. ಮಕ್ಕಳ ಬಾಯಲ್ಲಿ ಕನ್ನಡ ನಿಲ್ಲುತ್ತಿಲ್ಲ ಅಂತ ನಾವೆಲ್ಲ ಕೊರಗುತ್ತೇವೆ. ನನ್ನ ಮಗಳಿಗೆ ಮನೆಯೊಳಗೆ ಕನ್ನಡ ಅಂದರೆ "ಬಾ, ತಿನ್ನು, ಮಲಗು, ಬೇಗ ಹೊರಡು". ಅಷ್ಟೇ. ಹಿತ್ತಲಿಗೆ ಬಂದ ಮೇಲೆ ಮಾತು ಬೆಳೆಯಿತು. ಬಿತ್ತುವುದು ಬೇರೆ, ನೆಡುವುದು ಬೇರೆ. ಬಳ್ಳಿ ಹಬ್ಬುತ್ತದೆ, ಎಲೆ ಬಾಡುತ್ತದೆ, ಕಳೆ ಕೀಳುತ್ತೇವೆ, ಹೂ ಬಿಡಿಸುತ್ತೇವೆ. ಇವನ್ನೆಲ್ಲ ಕೂರಿಸಿಕೊಂಡು ಕಲಿಸಲು ಆಗುತ್ತಿರಲಿಲ್ಲ.

ಒಂದು ಸಂಜೆ ಚೆನ್ನಾಗಿ ನೆನಪಿದೆ. ಸೋರೆ ಬಳ್ಳಿಯ ಹೂ ಅರಳುವುದು ಸಂಜೆ, ಅದಕ್ಕೆ ಪತಂಗಗಳು ಬರಬೇಕು. ನಮ್ಮಲ್ಲಿ ಅವು ಬರುತ್ತಿರಲಿಲ್ಲ. ಅದಕ್ಕೆ ನಾವೇ ಟಾರ್ಚ್ ಹಿಡಿದು ಹೋದೆವು. ಗಂಡು ಹೂವಿಗೆ ಬರೀ ತೆಳ್ಳಗಿನ ತೊಟ್ಟು. ಹೆಣ್ಣು ಹೂವಿನ ಹಿಂದೆ ಹೆಬ್ಬೆರಳಷ್ಟು ಪುಟ್ಟ ಸೋರೆ, ಮೈತುಂಬಾ ನುಣುಪು ರೋಮ. ಅದೇನು ಅಂತ ಮಗಳು ಕೇಳಿದಳು. ಹೀಚು ಅಂದೆ. ಆಮೇಲೆ ಕಾಯಿ, ಬಲಿತರೆ ಬಲಿತ ಕಾಯಿ, ಮಾಗಿದರೆ ಹಣ್ಣು. ಅವಳು ಸ್ವಲ್ಪ ಹೊತ್ತು ಯೋಚಿಸಿ, ಇದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂದಳು. ಹೀಚು ಅನ್ನುವುದಕ್ಕೆ ಸಮನಾದ ಒಂದು ಪದ ನನಗೆ ಹೊಳೆಯಲಿಲ್ಲ. ಮರುದಿನ ಅವಳು ಅಜ್ಜಿಯನ್ನು ಬೇಲಿಯ ಹತ್ತಿರ ಕರೆದು, ಹೀಚು ತೋರಿಸಿ, ಆ ಪದವನ್ನು ಅವರ ಬಾಯಿಂದ ಹೇಳಿಸಿದಳು. ತನ್ನ ಭಾಷೆಯಲ್ಲಿ ಬೇರೆಯವರಿಗೆ ಕೊಡುವಂಥದ್ದು ಏನೋ ಇದೆ ಅಂತ ಅವಳಿಗೆ ಗೊತ್ತಾದ ದಿನ ಅದು.

ಕಷ್ಟ ಇಲ್ಲ ಅಂತ ಹೇಳುವುದಿಲ್ಲ. ಶಾಲೆಯ ದೊಡ್ಡ ರಜೆ ಬರುವುದೂ ಗಿಡಕ್ಕೆ ಜಾಸ್ತಿ ನೀರು ಬೇಕಾಗುವುದೂ ಒಂದೇ ಹೊತ್ತಿಗೆ. ಮೂರು ವಾರ ಮನೆಯಲ್ಲಿ ಇಲ್ಲದಿದ್ದರೆ ನೆರೆಯವರನ್ನು ಕೇಳಲೇಬೇಕು. ಕೇಳಲು ಸಂಕೋಚ ಬೇಡ. ನಮಗೆ ಇಲ್ಲಿ ಸ್ನೇಹ ಬೆಳೆದದ್ದೇ ಹಾಗೆ ಕೇಳಿ. ಮಳೆ ಜಾಸ್ತಿಯಾದ ವರ್ಷ ಚಿಪ್ಪಿಲ್ಲದ ಬಸವನಹುಳು ಒಂದೇ ರಾತ್ರಿಯಲ್ಲಿ ಒಂದು ಪಾತಿ ಸಸಿ ಮುಗಿಸುತ್ತದೆ. ಬೇಸಿಗೆ ಕೊನೆಯಲ್ಲಿ ಬಳ್ಳಿಯ ತುಂಬಾ ಹಸಿರು ಟೊಮೆಟೊ ಇರುವಾಗಲೇ ಚಳಿ ಬಂದುಬಿಡುತ್ತದೆ. ಅವನ್ನು ಕಿತ್ತು ಒಂದು ಮಾಗಿದ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಇಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನ್ನುವ ಅನಿಲದಿಂದ, ಚೆನ್ನಾಗಿ ಬಲಿತಿರುವವು ಕೆಂಪಾಗುತ್ತವೆ. ಎಳೆಯವು ಆಗುವುದಿಲ್ಲ.

ಮನೆ ಹಳೆಯದಾಗಿದ್ದರೆ ಗೋಡೆಯ ಪಕ್ಕದ ಮಣ್ಣನ್ನು ಮೊದಲು ಪರೀಕ್ಷೆ ಮಾಡಿಸಿ. ಹಳೆಯ ಬಣ್ಣದಲ್ಲಿದ್ದ ಸೀಸ ಉದುರಿ ಅಲ್ಲಿ ಸೇರಿರಬಹುದು. ಚಿಕ್ಕ ಮಕ್ಕಳು ಮಣ್ಣಿನ ಕೈಯನ್ನು ಬಾಯಿಗೆ ಹಾಕುತ್ತಾರೆ. ಈ ಒಂದು ವಿಷಯದಲ್ಲಿ ಮಾತ್ರ ನೋಡೋಣ ಅಂತ ಮುಂದೂಡಬೇಡಿ. ಬಾಡಿಗೆ ಮನೆಯಾದರೆ ನಾಲ್ಕು ಕುಂಡ, ಹೊಸ ಮಣ್ಣು, ಅಷ್ಟರಲ್ಲೇ ಶುರು ಮಾಡಬಹುದು.

ನೀವು ಕೇಳಿದ ಪ್ರಶ್ನೆಗೆ ಈಗ ಕಾಲವೂ ಸರಿಯಾಗಿದೆ. ನೆಲ ಹೆಪ್ಪುಗಟ್ಟಲು ಇನ್ನೂ ಐದಾರು ವಾರ ಇದೆ. ಒಂದು ಚಿಕ್ಕ ಪಾತಿ ಅಗೆದು, ಮಕ್ಕಳ ಕೈಲಿ ಹತ್ತು ಎಸಳು ಬೆಳ್ಳುಳ್ಳಿ ಇಡಿಸಿ. ನಿಮ್ಮ ಹಿತ್ತಲು ಯಾವ ದಿಕ್ಕಿಗಿದೆ, ದಿನಕ್ಕೆ ಎಷ್ಟು ಗಂಟೆ ಬಿಸಿಲು ಬೀಳುತ್ತದೆ ಅಂತ ಇಲ್ಲೇ ಬರೆಯಿರಿ. ವಸಂತಕ್ಕೆ ಏನು ಹಾಕಬಹುದು ಅಂತ ಕೂತು ಲೆಕ್ಕ ಹಾಕೋಣ.