ಮರದ ಟೆಲಿಮಾರ್ಕ್ ಸ್ಕೀ ಹಿಂದಕ್ಕೆ ಜಾರುತ್ತಿದೆ, ವ್ಯಾಕ್ಸ್ ಹಾಕಿದರೂ ಪ್ರಯೋಜನ ಇಲ್ಲ

ಹಿಮದಲ್ಲಿ_ಹುಬ್ಬಳ್ಳಿ: ತಲೆ ಕೆಟ್ಟುಹೋಗಿದೆ. ಮರದ ಹಳೆ ಟೆಲಿಮಾರ್ಕ್ ಸ್ಕೀ (ಹಿಂದಿನ ಹಿಮ್ಮಡಿ ಎತ್ತಿ, ಮಂಡಿ ಬಗ್ಗಿಸಿ ತಿರುಗುವ ಥರದ್ದು), ಉದ್ದ 210 ಸೆಂ.ಮೀ., ಕಾಲಡಿಯಲ್ಲಿ ಅಗಲ 55 ಮಿ.ಮೀ., ಉಕ್ಕಿನ ಅಂಚಿಲ್ಲ. ಚರ್ಮದ ಬೂಟು, ಮೂರು ಪಿನ್ನಿನ ಬೈಂಡಿಂಗ್ (ಬೂಟಿನ ಮೂತಿಯನ್ನಷ್ಟೇ ಸ್ಕೀಗೆ ಹಿಡಿಸುವ ಕೊಂಡಿ). ಓಸ್ಲೊದಲ್ಲಿ ಫ್ರೊಗ್ನರ್‌ಸೇಟರೆನ್‌ನಿಂದ ಉಲ್ಲೆವೋಲ್‌ಸೇಟರ್ ಕಡೆ ಹೊರಟರೆ ಸಣ್ಣ ಏರಿನಲ್ಲೇ ಹಿಂದಕ್ಕೆ ಬರುತ್ತೇನೆ. ಪುಟ್ಟ ಮಕ್ಕಳು ಪಕ್ಕದಲ್ಲಿ ಆರಾಮಾಗಿ ಹತ್ತಿ ಹೋಗುತ್ತವೆ. ಏರಿನಲ್ಲಿ ಹಿಮ ಹಿಡಿಯಲಿ ಅಂತ ತಳಕ್ಕೆ ವ್ಯಾಕ್ಸ್ ಹಾಕಿದ್ದೇನೆ. ಪ್ಲಾಸ್ಟಿಕ್ ಸ್ಕೀ ತಗೊಳ್ಳಿ ಅಂತ ಮಾತ್ರ ಹೇಳಬೇಡಿ.

ಮೂರು_ಪಿನ್ನು: ಯಾವ ಬಣ್ಣದ ವ್ಯಾಕ್ಸ್? ಎಷ್ಟು ಚಳಿ ಇತ್ತು?

ಹಿಮದಲ್ಲಿ_ಹುಬ್ಬಳ್ಳಿ: ನೀಲಿ. ಮೈನಸ್ ನಾಲ್ಕೋ ಐದೋ ಇತ್ತು.

ಮೂರು_ಪಿನ್ನು: ತೀರಾ ತೆಳುವಾಗಿ ಹಾಕಿರುತ್ತೀರಿ. ಒಂದೊಂದೇ ಪದರ ಹಚ್ಚಿ ಕಾರ್ಕಿನಿಂದ ಉಜ್ಜಿ. ಹಿಮ್ಮಡಿಯಿಂದ ಮುಂದಕ್ಕೆ ಇನ್ನೊಂದು ಗೇಣು ಜಾಸ್ತಿ ಎಳೆಯಿರಿ. ಆಗಲೂ ಹಿಡಿಯದಿದ್ದರೆ ಇನ್ನೂ ಮೆತ್ತಗಿನ ನೇರಳೆ ವ್ಯಾಕ್ಸ್.

ಹಿಮದಲ್ಲಿ_ಹುಬ್ಬಳ್ಳಿ: ಅದೆಲ್ಲ ಮಾಡಿ ಆಯ್ತು ರೀ. ನೇರಳೆಯೂ ಆಯ್ತು.

ಮೂರು_ಪಿನ್ನು: ಹಿಮ ಹೊಸದಾ, ಹಳೆಯದಾ? ಕರಗಿ ಮತ್ತೆ ಗಟ್ಟಿಯಾದ ಹಿಮಕ್ಕೆ ಕ್ಲಿಸ್ಟರೇ (ಅಂಟಂಟಾದ ಮೆತ್ತನೆ ವ್ಯಾಕ್ಸ್) ಬೇಕು. ಹಾಕಿ ನೋಡಿ.

ಕಾಫಿತೋಟ: ಕ್ಲಿಸ್ಟರ್ ಬೇಡ ಮಾರಾಯ್ರೇ. ಆ ಅಂಟು ಕೈಗೆ, ಬ್ಯಾಗಿಗೆ, ಕಾರಿನ ಸೀಟಿಗೆಲ್ಲ ಹತ್ತುತ್ತದೆ. ಕ್ಯಾಂಬರ್, ಅಂದರೆ ಸ್ಕೀ ನಡುವಿನ ಕಮಾನು, ನೋಡಿ ಮೊದಲು. ನೆಲದ ಮೇಲೆ ಸ್ಕೀ ಇಟ್ಟು ಒಂದೇ ಕಾಲಲ್ಲಿ ಪೂರ್ತಿ ಭಾರ ಹಾಕಿ ನಿಲ್ಲಿ. ಬೂಟಿನ ಕೆಳಗಿಟ್ಟ ಕಾಗದವನ್ನು ಮನೆಯಲ್ಲಿ ಯಾರಾದರೂ ಎಳೆದು ನೋಡಲಿ. ಸಲೀಸಾಗಿ ಬಂದರೆ ಸ್ಕೀ ನಿಮಗೆ ಬಿರುಸು, ವ್ಯಾಕ್ಸ್ ಹಿಮಕ್ಕೆ ತಾಗುತ್ತಲೇ ಇಲ್ಲ.

ಹಿಮದಲ್ಲಿ_ಹುಬ್ಬಳ್ಳಿ: ಕಾಗದ ಅಲ್ಲಾಡಲಿಲ್ಲ.

ಟ್ರೋನ್‌ಹೈಮ್_ಚುರುಮುರಿ: ಒಂದು ಮಾತು. 55 ಮಿ.ಮೀ., ಉಕ್ಕಿನ ಅಂಚಿಲ್ಲ. ಇದು ಕಾಡಿನ ಟ್ರ್ಯಾಕಿಗೆ ಮಾಡಿದ ಸ್ಕೀ. ಟೆಲಿಮಾರ್ಕ್ ಅಂತ ಯಾಕೆ ಕರೆಯುತ್ತೀರಿ?

ಮೂರು_ಪಿನ್ನು: ಉಕ್ಕಿನ ಅಂಚು ಇದ್ದರೇ ಟೆಲಿಮಾರ್ಕಾ? ಟೆಲಿಮಾರ್ಕ್ ಸ್ಕೀಯಿಂಗ್‌ನ ಪಿತಾಮಹ ಅನ್ನಿಸಿಕೊಂಡ ಮೊರ್ಗೆಡಾಲ್‌ನ ಸೋಂಡ್ರೆ ನೋರ್ಹೈಮ್ (1825–1897) ತಿರುವು ಹೊಡೆದದ್ದು ಬರೀ ಮರದ ಮೇಲೆ. ಬೈಂಡಿಂಗ್ ಅಂದರೆ ಹಿಮ್ಮಡಿ ಸುತ್ತ ಹೆಣೆದ ಕಡ್ಡಿಯ ಕಟ್ಟು, ಅಷ್ಟೇ.

ಟ್ರೋನ್‌ಹೈಮ್_ಚುರುಮುರಿ: ಅವರ ಸ್ಕೀಗೆ ಸಣ್ಣ ನಡು ಇತ್ತು ಸ್ವಾಮಿ, ಅದಕ್ಕೇ ತಿರುಗುತ್ತಿತ್ತು. ಇವರದು ನೇರ ಹಲಗೆ ಇರಬೇಕು.

ಕಾಫಿತೋಟ: ನನ್ನ ಹತ್ತಿರ ಇರುವುದು ಸ್ಪ್ಲಿಟ್‌ಕೈನ್, ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಸ್ಕೀ. ಹಿಕರಿ ಮರದ ತಳ, ಅಂಚಿಗೆ ಲಿಗ್ನೋಸ್ಟೋನ್. ಅದು ಒತ್ತಿ ಗಟ್ಟಿ ಮಾಡಿದ ಬೀಚ್ ಮರ, ಕಲ್ಲು ತಾಗಿದರೂ ಬೇಗ ಸವೆಯುವುದಿಲ್ಲ. ಬೇಸಿಗೆಯಲ್ಲಿ ಜೋಡಿ ಕಟ್ಟಿ ನಡುವೆ ಮರದ ತುಂಡು ಸಿಕ್ಕಿಸಿ ಇಡುತ್ತೇನೆ. ಕ್ಯಾಂಬರ್ ಇವತ್ತಿಗೂ ಹಾಗೇ ಇದೆ. ಫೋಟೋ ಸಂಜೆ ಹಾಕುತ್ತೇನೆ.

ಬೆಟ್ಟದ_ನೆಲ್ಲಿ: ಯಾರೂ ತಳದ ಬಗ್ಗೆ ಕೇಳಲೇ ಇಲ್ಲವಲ್ಲ! ಹುಬ್ಬಳ್ಳಿಯವರೇ, ತಳಕ್ಕೆ ಟಾರ್ (ಪೈನ್ ಮರದ ಡಾಂಬರು) ಯಾವಾಗ ಹಚ್ಚಿದ್ದು? ತಳದ ಬಣ್ಣ ಯಾವುದು?

ಹಿಮದಲ್ಲಿ_ಹುಬ್ಬಳ್ಳಿ: ತಳ ಚೆನ್ನಾಗೇ ಇದೆ. ತಿಳಿ ಹಳದಿ, ಫಳಫಳ ಹೊಳೆಯುತ್ತದೆ. ಹಳೆ ಸಾಮಾನಿನ ಸಂತೆಯಲ್ಲಿ ತಗೊಂಡಾಗಲೂ ಹಾಗೇ ಇತ್ತು. ಯಾರದೋ ಕ್ಯಾಬಿನ್ ಗೋಡೆಯ ಮೇಲೆ ಅಲಂಕಾರಕ್ಕೆ ಇದ್ದದ್ದಂತೆ. ನಾನು ಕೇಳಿದ್ದು ವ್ಯಾಕ್ಸ್ ಬಗ್ಗೆ.

ಬೆಟ್ಟದ_ನೆಲ್ಲಿ: ವ್ಯಾಕ್ಸ್ ಬಗ್ಗೆಯೇ ಹೇಳುತ್ತಿದ್ದೇನೆ. ಅದು ವಾರ್ನಿಶ್. ಸ್ಕೀ ಮೇಲ್ಗಡೆಗೆ ಸರಿ, ತಳಕ್ಕೆ ಅಲ್ಲ. ಹಾಕಿದ ವ್ಯಾಕ್ಸನ್ನು ಉಗುರಿನಲ್ಲಿ ಕೆರೆದು ನೋಡಿ. ಹಾಲಿನ ಕೆನೆ ಥರ ಇಡಿಯಾಗಿ ಎದ್ದು ಬಂತಾ?

ಹಿಮದಲ್ಲಿ_ಹುಬ್ಬಳ್ಳಿ: ಬಂತು.

ಬೆಟ್ಟದ_ನೆಲ್ಲಿ: ಬಡಗಿಗಳು ಬಳಸುವ ಉಕ್ಕಿನ ಸ್ಕ್ರೇಪರ್ ತಗೊಂಡು ಮೂತಿಯಿಂದ ಬಾಲದ ಕಡೆಗೆ ಹೆರೆಯಿರಿ. ನಡುವಿನ ಉದ್ದನೆಯ ತೋಡಿನಲ್ಲೂ ವಾರ್ನಿಶ್ ಕೂತಿರುತ್ತದೆ, ಬಿಡಬೇಡಿ. ಬರೀ ಮರ ಕಂಡ ಮೇಲೆ ಪೈನ್ ಟಾರ್ ತೆಳುವಾಗಿ ಹಚ್ಚಿ. ಗ್ಯಾಸ್ ಟಾರ್ಚನ್ನು ಒಂದೇ ಕಡೆ ಹಿಡಿಯದೆ ಆಡಿಸುತ್ತಾ ಬನ್ನಿ. ಟಾರ್ ಸಣ್ಣಗೆ ಗುಳ್ಳೆ ಎದ್ದ ತಕ್ಷಣ ಬಟ್ಟೆಯಲ್ಲಿ ಒರೆಸಿ. ಮರ ಕಪ್ಪಾಗಬಾರದು. ಮುಗಿದ ಮೇಲೆ ತಳ ಕಂದು ಬಣ್ಣಕ್ಕೆ ಬಂದು ಒಣಗಿರಬೇಕು, ಬೆರಳಿಗೆ ಅಂಟಬಾರದು. ಟಾರ್ ಮರಕ್ಕೆ ನೀರು ಇಳಿಯದಂತೆ ತಡೆಯುತ್ತದೆ, ವ್ಯಾಕ್ಸನ್ನೂ ಹಿಡಿದುಕೊಳ್ಳುತ್ತದೆ. ವಾರ್ನಿಶ್ ಇರುವಾಗ ಟಾರ್ಚ್ ಹಚ್ಚಲೇಬೇಡಿ. ಕೆಲಸ ಮನೆ ಹೊರಗೆ.

ಕಾಫಿತೋಟ: ಟಾರ್ಚ್ ಯಾಕೆ, ಹಾಟ್ ಏರ್ ಗನ್ ಸಾಕು.

ಟ್ರೋನ್‌ಹೈಮ್_ಚುರುಮುರಿ: ಗನ್ನಿನಲ್ಲಿ 210 ಸೆಂ.ಮೀ. ಕಾಯಿಸುತ್ತಾ ಕೂತರೆ ಹಿಮ ಕರಗಿ ಹೋಗಿರುತ್ತದೆ.

ಮೂರು_ಪಿನ್ನು: ಇಷ್ಟೆಲ್ಲ ಯಾಕೆ? ವಾರ್ನಿಶನ್ನೇ ಸ್ವಲ್ಪ ಮರಳು ಕಾಗದದಲ್ಲಿ ಒರಟು ಮಾಡಿ ಮೇಲೆ ಕ್ಲಿಸ್ಟರ್ ಹಾಕಿದರೆ ಆಯ್ತು.

ಹಿಮದಲ್ಲಿ_ಹುಬ್ಬಳ್ಳಿ: ಎಡಗಡೆಯದು ಹೆರೆದು ಟಾರ್ ಹಚ್ಚಿದೆ. ಬಲಗಡೆಯದಕ್ಕೆ ಟೈಮ್ ಸಿಗಲಿಲ್ಲ, ಹಾಗೇ ಹೋದೆ. ಎರಡಕ್ಕೂ ಅದೇ ನೀಲಿ. ಎಡಗಾಲು ಹತ್ತಿತು, ಬಲಗಾಲು ಇಳಿಯಿತು.

ಮೂರು_ಪಿನ್ನು: ಬಲಕ್ಕೆ ಕ್ಲಿಸ್ಟರ್ ಹಾಕಿ.

ಗುಬ್ಬಚ್ಚಿ_77: ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಚರ್ಮದ ಬೂಟಿನ ಪಿನ್ ತೂತು ಮೂರೂ ಅಗಲವಾಗಿವೆ. ತಿರುವಿನಲ್ಲಿ ಹಿಂದಿನ ಕಾಲು ಕಳಚಿ ಬರುತ್ತದೆ. ಬೂಟು ಎಸೆಯಬೇಕಾ?

ಬೆಟ್ಟದ_ನೆಲ್ಲಿ: ಬೇಡ. ಬೂಟು ಚೆನ್ನಾಗಿ ಒಣಗಿಸಿ, ತೂತಿಗೆ ಎಪಾಕ್ಸಿ ತುಂಬಿ, ಪೂರ್ತಿ ಗಟ್ಟಿಯಾದ ಮೇಲೆ ಬೈಂಡಿಂಗ್‌ನ ಪಿನ್ನಿಗೆ ಸರಿಯಾಗಿ ಗುರುತು ಹಾಕಿ ಹೊಸದಾಗಿ ಕೊರೆಯಿರಿ. ಮೇಲೆ ಮೂರು ತೂತಿನ ಲೋಹದ ತಗಡು ಕೂರಿಸಿದರೆ ಇನ್ನೂ ಒಳ್ಳೆಯದು. ಎಡ ಬಲ ಅದಲುಬದಲು ಮಾಡಬೇಡಿ.