ಸಹಾಯ ಬೇಕು: 100 ಓಮ್ ಸ್ಪೀಕರಿಗೆ ಯಾವ ಆಂಪ್ಲಿಫೈಯರ್ ಐಸಿ?

ಎಲ್ಲರಿಗೂ ನಮಸ್ಕಾರ. ಹಳೆಯ ಇಂಟರ್‌ಕಾಮ್‌ನಿಂದ ತೆಗೆದ 100 ಓಮ್, 3 ವಾಟ್ ಸ್ಪೀಕರ್ ಇದೆ. ಅದರಲ್ಲಿ ಮಾತು ಬಹಳ ಸ್ಪಷ್ಟವಾಗಿ ಕೇಳುತ್ತದೆ, ಬಿಡೋಕೆ ಮನಸ್ಸಿಲ್ಲ. 2 ವಾಟ್ ಆದರೂ ಹೊರಗೆ ಬರಬೇಕು.

ಎಲ್‌ಎಂ386 ಆಂಪ್ಲಿಫೈಯರ್ ಐಸಿಯನ್ನು 12 ವೋಲ್ಟಿನಲ್ಲಿ ಹಾಕಿ ನೋಡಿದೆ. ಸೌಂಡ್ ತೀರಾ ಕಡಿಮೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಒಡೆಯುತ್ತದೆ. ಇಲ್ಲಿ ಕೊರತೆ ಕರೆಂಟಿನದಲ್ಲ, ವೋಲ್ಟೇಜಿನದು ಅಲ್ವಾ? 100 ಓಮ್‌ಗೆ 2 ವಾಟ್ ಕೊಡಲು ಸುಮಾರು 14 ವೋಲ್ಟ್ ಆರ್‌ಎಂಎಸ್, ಅಂದರೆ ಅಲೆಯ ತುದಿಯಲ್ಲಿ 20 ವೋಲ್ಟ್ (ಪೀಕ್) ಬೇಕು. ಕರೆಂಟ್ ಬರೀ 0.2 ಆಂಪಿಯರ್ ಪೀಕ್. ಡೇಟಾಶೀಟ್‌ಗಳಲ್ಲಿ ನೋಡಿದರೆ ಹೆಚ್ಚಾಗಿ 4 ಮತ್ತು 8 ಓಮ್ ಲೆಕ್ಕವೇ ಇರುತ್ತದೆ.

ಎಲ್‌ಎಂ1875 ಅನ್ನು ±25 ವೋಲ್ಟಿನಲ್ಲಿ ಓಡಿಸಬಹುದು. ಆದರೆ ಸಿಗ್ನಲ್ ಇಲ್ಲದಿದ್ದಾಗಲೂ ಅದು ಸುಮಾರು 70 ಮಿಲಿಆಂಪಿಯರ್ ಎಳೆಯುತ್ತದೆ. 2 ವಾಟ್ ಸೌಂಡಿಗೆ 3.5 ವಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಇನ್ನೊಂದು ದಾರಿ, ಎರಡು ಟಿಡಿಎ2030 ಹಾಕಿ 24 ವೋಲ್ಟಿನಲ್ಲಿ ಬ್ರಿಡ್ಜ್ ಮಾಡುವುದು, ಅಂದರೆ ಸ್ಪೀಕರನ್ನು ಎರಡರ ಔಟ್‌ಪುಟ್‌ಗಳ ನಡುವೆ ಜೋಡಿಸುವುದು. ಆಗ ಸ್ಪೀಕರಿನ ಯಾವ ತಂತಿಯೂ ಗ್ರೌಂಡಿಗೆ ತಾಗಬಾರದು, ಅದನ್ನು ನೋಡಿಕೊಳ್ಳುತ್ತೇನೆ.

ಇಷ್ಟು ಹಗುರ ಲೋಡಿನಲ್ಲಿ ಈ ಎರಡರಲ್ಲಿ ಯಾವುದು ಆಸಿಲೇಟ್ ಆಗದೆ (ತಾನಾಗಿಯೇ ಸಿಗ್ನಲ್ ಹುಟ್ಟಿಸದೆ) ನೆಮ್ಮದಿಯಾಗಿ ಓಡುತ್ತದೆ? ಔಟ್‌ಪುಟ್‌ನಲ್ಲಿರುವ ರೆಸಿಸ್ಟರ್-ಕೆಪಾಸಿಟರ್ ಜೋಡಿಯ ಮೌಲ್ಯಗಳನ್ನು 100 ಓಮ್‌ಗೆ ಬದಲಿಸಬೇಕಾ, ಡೇಟಾಶೀಟ್‌ನಲ್ಲಿ ಇರುವ ಹಾಗೇ ಬಿಡಬಹುದಾ?