ನೀಲಿ ತೂತಿಲ್ಲದ ಕಂಪ್ಯೂಟರು

ಮೇಷ್ಟ್ರ ಮನೆಯ ಡೆಸ್ಕ್‌ಟಾಪು 2009ರದ್ದು. ಬದಲಾಯಿಸಿ ಅಂದರೆ "ಯಾಕೆ, ಆನ್ ಆಗುತ್ತಲ್ವಾ?" ಅನ್ನುತ್ತಾರೆ. ಮಗಳ ಮದುವೆ ವಿಡಿಯೋ, ಪ್ರವಾಸದ ಫೋಟೋ, ಹಳೇ ಪ್ರಶ್ನೆಪತ್ರಿಕೆ ಎಲ್ಲಾ ಅದರೊಳಗೇ ಇದೆ, ಒಟ್ಟು 300 ಜಿಬಿ. ಒಳಗಿನ ಡಿಸ್ಕು ಈಗೀಗ ಕರಕರ ಅನ್ನುತ್ತಿದೆಯಂತೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕು ತರಬೇಕು, ಯಾವ ಥರದ್ದು ತರಲಿ ಎಂದು ನಮ್ಮನ್ನು ಕೇಳಿದರು. ಕಾಫಿ ಆರಿತು, ಮಾತು ಆರಲಿಲ್ಲ.

"ಅಂಗಡಿಯವನು ಎಸ್‌ಎಸ್‌ಡಿ, ಅದೇ ಒಳಗೆ ಏನೂ ತಿರುಗದ ಡಿಸ್ಕು, ತಗೊಳ್ಳಿ ಅಂದ. ಸೆಕೆಂಡಿಗೆ 20 ಗಿಗಾಬಿಟ್ ಓಡುತ್ತಂತೆ."

"ಅದು ಓಡುತ್ತೆ ಮೇಷ್ಟ್ರೇ, ನಿಮ್ಮ ಕಂಪ್ಯೂಟರು ಜೊತೆಗೆ ಓಡಬೇಕಲ್ಲ" ಎಂದ ಗುಂಡ.

ಮಾತು ಒರಟು, ವಿಷಯ ಸರಿ. ಮೇಷ್ಟ್ರ ಮದರ್‌ಬೋರ್ಡಿನಲ್ಲಿ ಇರುವುದೆಲ್ಲ 2000ದಲ್ಲಿ ಬಂದ ಯುಎಸ್‌ಬಿ 2.0. ಯುಎಸ್‌ಬಿ 3.0 ಪ್ರಕಟವಾಗಿದ್ದು 2008ರ ಕೊನೆಗೆ ಅನ್ನುವುದು ನಿಜ, ಆದರೆ ಇಂಟೆಲ್ ಅದನ್ನು ತನ್ನ ಚಿಪ್‌ಸೆಟ್ಟಿನೊಳಗೇ, ಅಂದರೆ ಮದರ್‌ಬೋರ್ಡಿನ ಮೂಲ ಚಿಪ್ಪಿನಲ್ಲೇ, ಕೊಟ್ಟಿದ್ದು 2012ರಲ್ಲಿ. ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿರುವ ಆ 3.0 ತೂತಿಗಾಗಿ ಮೇಷ್ಟ್ರು ಟಾರ್ಚು ಹಿಡಿದು ಕ್ಯಾಬಿನೆಟ್ಟಿನ ಹಿಂದೆ ಹುಡುಕಿದರು. ಜೇಡ ಸಿಕ್ಕಿತು.

"2.0 ಅಂದರೂ 480 ಅಂತ ಹಾಕಿದ್ದಾರಲ್ಲೋ, ಅದೇನು ಸಣ್ಣ ನಂಬರಾ?"

"480 ಮೆಗಾಬಿಟ್ ಮೇಷ್ಟ್ರೇ, ಮೆಗಾಬೈಟ್ ಅಲ್ಲ. 8ರಿಂದ ಭಾಗಿಸಿ."

ಗಣಿತದ ಮೇಷ್ಟ್ರು, ತಕ್ಷಣ 60 ಅಂದರು.

"ಅದೂ ಪೂರ್ತಿ ಬರಲ್ಲ, ಸಿಗೋದು 30, 35."

"ಪೇ ಸ್ಲಿಪ್ಪಿನಲ್ಲಿ ಕಾಣೋದೇ ಬೇರೆ, ಕೈಗೆ ಬರೋದೇ ಬೇರೆ ಅಲ್ವಾ" ಎಂದು ಭಟ್ಟರು ಸಮಾಧಾನ ಹೇಳಿದರು. ಮೇಷ್ಟ್ರಿಗೆ ಈಗ ಪೂರ್ತಿ ಅರ್ಥವಾಯಿತು. ಆ ವೇಗದಲ್ಲಿ 300 ಜಿಬಿಗೆ ಹತ್ತಿರ ಹತ್ತಿರ ಮೂರು ಗಂಟೆ ಎಂದು ಅವರೇ ಲೆಕ್ಕ ಹಾಕಿದರು.

ಮೂರು ಗಂಟೆ ತಾನೇ, ರಾತ್ರಿ ಹಚ್ಚಿ ಮಲಗಿ ಎಂದೆ ನಾನು. ಒಂದೇ ಸಲ ಕಾಪಿ ಮಾಡಿ ಎತ್ತಿಡುವವರಿಗೆ ನನ್ನ ಸಲಹೆ ಈಗಲೂ ಅದೇ, ಹಳೇ ಪೋರ್ಟೇ ಸಾಕು, ಸುಮ್ನೆ ದುಡ್ಡು ಸುರಿಯಬೇಡಿ. ಆದರೆ ಮೇಷ್ಟ್ರಿಗೆ ಪ್ರತಿ ವಾರ ಬ್ಯಾಕಪ್ ಬೇಕಂತೆ. ಮೇಲಾಗಿ ನಮ್ಮೂರಲ್ಲಿ ಕರೆಂಟು ಮೂರು ಗಂಟೆ ಒಂದೇ ಸಮ ಇದ್ದರೆ ಅದೇ ದೊಡ್ಡ ಸುದ್ದಿ.

"ಫೈರ್‌ವೈರ್ ಕಾರ್ಡು ಹಾಕಿಸಿ" ಎಂದರು ಭಟ್ಟರು. ಯುಎಸ್‌ಬಿಯಂಥದೇ ಇನ್ನೊಂದು ಹಳೇ ಕೇಬಲ್ಲಿನ ದಾರಿ ಅದು. ಇವರ ಹತ್ತಿರ ಕ್ಯಾಸೆಟ್ ಹಾಕುವ ಹ್ಯಾಂಡಿಕ್ಯಾಮ್ ಇದೆ, ಆ ಕಾಲದಿಂದಲೂ ಫೈರ್‌ವೈರ್ ಭಕ್ತರು. ಭಕ್ತಿಯಲ್ಲಿ ಅರ್ಥವೂ ಇದೆ. ಫೈರ್‌ವೈರ್ 400 ಅನ್ನುವುದು ನಂಬರಿನಲ್ಲಿ 480ಕ್ಕಿಂತ ಕಡಿಮೆ, ಆದರೂ ಕೆಲಸದಲ್ಲಿ ಅದನ್ನು ಹಿಂದೆ ಹಾಕುತ್ತಿತ್ತು, ಯಾಕೆಂದರೆ ಯುಎಸ್‌ಬಿ ಮಾತೆತ್ತಿದರೆ ಕಂಪ್ಯೂಟರಿನ ಅಪ್ಪಣೆಗೆ ಕಾಯಬೇಕು, ಫೈರ್‌ವೈರಿಗೆ ಆ ಹಂಗು ಕಡಿಮೆ.

"ಸರಿ ಭಟ್ಟರೇ, ಫೈರ್‌ವೈರ್ ಇರುವ ಹೊಸ ಡಿಸ್ಕು ಈಗ ಯಾವ ಅಂಗಡಿಯಲ್ಲಿ ಸಿಗುತ್ತೆ?"

ಭಟ್ಟರು ಕಾಫಿ ಲೋಟದ ತಳ ನೋಡತೊಡಗಿದರು.

ಗುಂಡನದು ಇ-ಸಾಟಾ ಪಕ್ಷ. ಒಳಗಿನ ಹಾರ್ಡ್ ಡಿಸ್ಕಿಗೆ ಹೋಗುವ ದಾರಿಯನ್ನೇ ಒಂದು ಕೇಬಲ್ಲು, ಒಂದು ತಗಡಿನ ಪಟ್ಟಿ ಹಾಕಿ ಹೊರಗೆ ತರುವುದು, ಅಷ್ಟೇ. ಇಂಥ ಬೋರ್ಡಿನಲ್ಲಿ 3 ಗಿಗಾಬಿಟ್ ವೇಗ, ಬೇರೆ ಕಾರ್ಡೂ ಬೇಡ. ನನಗೂ ಇಷ್ಟವೇ. ಆದರೆ ಆ ಕೇಬಲ್ಲಿನಲ್ಲಿ ಡೇಟಾ ಬರುತ್ತದೆ, ಕರೆಂಟು ಬರುವುದಿಲ್ಲ. ಡಿಸ್ಕಿಗೆ ಬೇರೆ ಅಡಾಪ್ಟರ್ ಬೇಕು. ಕಂಪ್ಯೂಟರು ಓಡುತ್ತಿರುವಾಗಲೇ ಸಿಕ್ಕಿಸಿ ತೆಗೆಯಬೇಕಾದರೆ ಬಯೋಸಿನಲ್ಲಿ, ಅಂದರೆ ವಿಂಡೋಸಿಗೂ ಮೊದಲು ಏಳುವ ಸೆಟ್ಟಿಂಗಿನಲ್ಲಿ, ಡಿಸ್ಕಿನ ಜೊತೆ ಮಾತಾಡುವ ಹೊಸ ರೀತಿಯಾದ ಎಎಚ್‌ಸಿಐ ಇರಬೇಕು. ಹಳೇ ರೀತಿಯಾದ ಐಡಿಇ ಮೋಡಿನಲ್ಲಿ ಹಾಕಿದ ವಿಂಡೋಸ್ 7 ಇದ್ದು, ಗುಂಡನ ಮಾತು ಕೇಳಿ ನೇರ ಎಎಚ್‌ಸಿಐ ಒತ್ತಿದಿರೋ, ನೀಲಿ ತೂತಿನ ಬದಲು ವಿಂಡೋಸ್ ಮುಗ್ಗರಿಸಿದ ನೀಲಿ ಪರದೆ ಸಿಗುತ್ತದೆ.

"ಅಡಾಪ್ಟರ್ ಗೋಜೇ ಬೇಡ, ಜೇಬಲ್ಲಿ ಹಿಡಿಸುವ ಸಣ್ಣ ಡಿಸ್ಕು ತಗೊಳ್ತೀನಿ" ಎಂದರು ಮೇಷ್ಟ್ರು.

ನಾಲ್ವರಲ್ಲಿ ಮೂವರಿಗೆ ವೇಗದ್ದೇ ಚಿಂತೆ, ಹಳೇ ಕಂಪ್ಯೂಟರಿನಲ್ಲಿ ಕೈಕೊಡುವುದು ಜಾಸ್ತಿ ಕರೆಂಟಿನ ವಿಷಯದಲ್ಲೇ. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದ್ದು 500 ಮಿಲಿಆಂಪ್, 3.0 ಆದರೆ 900. ಡಿಸ್ಕು ತಿರುಗಲು ಶುರುವಾಗುವಾಗಲೇ ಹಸಿವು ಹೆಚ್ಚು. ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ ಉದ್ದದ ತೆಳು ವೈರಲ್ಲಿ ಸಿಕ್ಕಿಸಿದರೆ ಟಿಕ್, ಟಿಕ್ ಎಂದು ಒದ್ದಾಡುತ್ತದೆ, ಜನ ಡಿಸ್ಕೇ ಹಾಳು ಅಂದುಕೊಂಡು ವಾಪಸ್ ಕೊಡಲು ಹೊರಡುತ್ತಾರೆ. ಮೊದಲು ಹಿಂದಿನ ಪೋರ್ಟಿಗೆ, ಗಿಡ್ಡ ಕೇಬಲ್ಲಿನಲ್ಲಿ ಹಾಕಿ ನೋಡಿ. ಆಗಲೂ ಟಿಕ್ ಅಂದರೆ ಎರಡು ಪೋರ್ಟಿನಿಂದ ಕರೆಂಟು ಎಳೆಯುವ ಎರಡು ತಲೆಯ ಕೇಬಲ್ಲು, ಇಲ್ಲವೇ ಸ್ವಂತ ಅಡಾಪ್ಟರ್ ಇರುವ ದೊಡ್ಡ ಡಿಸ್ಕು.

ಕೊನೆಗೆ ಎಲ್ಲರೂ ಒಪ್ಪಿದ್ದು ಯುಎಸ್‌ಬಿ 3.0 ಕಾರ್ಡಿಗೆ. ಮೇಷ್ಟ್ರ ಬೋರ್ಡಿನಲ್ಲಿ ಇಂಥ ಕಾರ್ಡು ಸಿಕ್ಕಿಸುವ ಪಿಸಿಐ ಎಕ್ಸ್‌ಪ್ರೆಸ್‌ನ ಪುಟ್ಟ ಸ್ಲಾಟು ಖಾಲಿ ಇದೆ. ಅದರ ಮೊದಲ ತಲೆಮಾರಿನ ಒಂದು ಲೇನೂ, ಅಂದರೆ ಡೇಟಾ ಓಡುವ ಒಂದೇ ದಾರಿಯೂ, ಸೆಕೆಂಡಿಗೆ 250 ಮೆಗಾಬೈಟ್ ಎಳೆಯಬಲ್ಲದು, ತಿರುಗುವ ಡಿಸ್ಕು ಓಡುವುದು 100ರ ಆಸುಪಾಸು. ಅಂದರೆ ಮೂರು ಗಂಟೆಯ ಕೆಲಸ ಒಂದು ಗಂಟೆಯೊಳಗೆ. ಒಳಗಿನ ಡಿಸ್ಕೂ ತಿರುಗುವ ಜಾತಿಯದೇ, ಹಾಗಾಗಿ ಎಸ್‌ಎಸ್‌ಡಿಗೆ ದುಡ್ಡು ಹಾಕುವುದು ಇಲ್ಲಿ ದಂಡ. ಕಂಪ್ಯೂಟರಿಗೆಲ್ಲ ಕರೆಂಟು ಹಂಚುವ ಡಬ್ಬ ಎಸ್‌ಎಂಪಿಎಸ್‌ನಿಂದ ನೇರ ಕರೆಂಟು ಎಳೆದುಕೊಳ್ಳುವ ಕಾರ್ಡೇ ತನ್ನಿ, ಟಿಕ್ ಟಿಕ್ ಕಾಟವೂ ತಪ್ಪುತ್ತದೆ ಎಂದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇಂಥವಕ್ಕೆ ಬರವಿಲ್ಲ. ಡಿಸ್ಕಿನ ಡಬ್ಬದ ಮೇಲೆ 3.0 ಅಂತಿದ್ದರೂ, 3.1 ಜೆನ್ 1 ಅಂತಿದ್ದರೂ, 3.2 ಜೆನ್ 1 ಅಂತಿದ್ದರೂ ಅದೇ 5 ಗಿಗಾಬಿಟ್. ನಂಬರು ದೊಡ್ಡದಾಯಿತೆಂದು ನೂರು ರೂಪಾಯಿ ಜಾಸ್ತಿ ಕೊಡಬೇಡಿ.

"ಕಾರ್ಡು ಸಿಕ್ಕಿಸಿದರೆ ಮುಗೀತಾ?"

"ಇಲ್ಲ ಮೇಷ್ಟ್ರೇ, ವಿಂಡೋಸ್ 7ಗೆ 3.0 ಗೊತ್ತಿಲ್ಲ. ಅದನ್ನು ಗುರುತಿಸಲು ಕಲಿಸುವ ಸಾಫ್ಟ್‌ವೇರು, ಡ್ರೈವರ್, ಹಾಕಬೇಕು. ಡಬ್ಬದಲ್ಲಿ ಪುಟ್ಟ ಸಿಡಿ ಇರುತ್ತೆ."

"ಸಿಡಿ ಡ್ರೈವು ಬಾಯಿ ಬಿಟ್ಟು ವರ್ಷಗಳಾಯಿತಲ್ಲೋ."

"ಪೆನ್‌ಡ್ರೈವಲ್ಲಿ ತಂದುಕೊಡ್ತೀನಿ ಬಿಡಿ" ಎಂದ ಗುಂಡ.

"ಅದನ್ನು ಯಾವ ತೂತಿಗೆ ಹಾಕಲಿ?"

"ಹಳೇ ತೂತಿಗೇ."